ಎಳೆಯ ಮಕ್ಕಳಿಗೆ ವಾಕ್ಯದ ಪರಿಚಯ



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ಆರಿಸಿಕೊಂಡ ವಿಷಯ ಚಿಕ್ಕದು: ಎಳೆಯ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಹೇಗೆ ಕಲಿಸಬೇಕು? 1960ರಲ್ಲಿ ಮಹಾರಾಷ್ಟ್ರ ರಾಜ್ಯ ರಚನೆಯಾದಾಗ ನಮ್ಮ ಜತ್ತ ತಾಲೂಕು ಅದರೊಳಗೆ ಬಂದಿತು. ಮನೆಯಲ್ಲಿ ಕನ್ನಡವನ್ನೂ ಸಂತೆ, ಕಚೇರಿಗಳಲ್ಲಿ ಮರಾಠಿಯನ್ನೂ ಕೇಳಿ ಬೆಳೆಯುವ ಡಫಳಾಪುರದ ಮಗುವಿಗೆ ಈ ಪಾಠ ಚಿಕ್ಕದಲ್ಲ.

ಪಾರಿಭಾಷಿಕ ಹೆಸರುಗಳಿಂದ ಆರಂಭಿಸಿದರೆ ಮಕ್ಕಳು ಬಾಯಿಪಾಠ ಮಾಡುವರೇ ಹೊರತು ವಾಕ್ಯವನ್ನು ಕಾಣಲಾರರು. ಆದ್ದರಿಂದ ಮನೆಮಾತಿನಿಂದಲೇ ತೊಡಗಬೇಕು. “ಅವ್ವ ರೊಟ್ಟಿ ಮಾಡ್ಯಾಳ” ಎಂದು ಮಗು ಹೇಳಲಿ. ಮಾಡಿದವರು ಯಾರು? ಅವ್ವ. ಏನನ್ನು ಮಾಡಿದಳು? ರೊಟ್ಟಿಯನ್ನು. ನಡೆದ ಕೆಲಸ ಯಾವುದು? ಮಾಡುವುದು. ಉತ್ತರಗಳು ಬಂದ ಮೇಲೆ ಅವುಗಳಿಗೆ ಹೆಸರಿಟ್ಟರೆ ಸಾಕು. “ಮಾಡ್ಯಾಳ” ಎಂದುದಕ್ಕೆ ಮಗುವನ್ನು ಗದರಿಸಬಾರದು. ಪುಸ್ತಕದ “ಮಾಡಿದಳು” ಎಂಬಲ್ಲಿರುವಂತೆ ಅದರಲ್ಲಿಯೂ ಕೊನೆಯ ಳಕಾರವೇ ಕರ್ತೃವನ್ನು ತೋರಿಸುತ್ತದೆ.

ಬಳಿಕ ಎರಡು ಭಾಷೆಗಳನ್ನು ಜೊತೆಗಿಟ್ಟು ನೋಡಬಹುದು. ಹುಡುಗನು ರೊಟ್ಟಿ ತಿಂದನು, ಹುಡುಗಿಯು ರೊಟ್ಟಿ ತಿಂದಳು. ಇಲ್ಲಿ ಕ್ರಿಯಾಪದವು ಕರ್ತೃವನ್ನು ಹಿಂಬಾಲಿಸುತ್ತದೆ. ಮರಾಠಿಯಲ್ಲಿಯಾದರೋ ಹುಡುಗ ತಿಂದರೂ ಹುಡುಗಿ ತಿಂದರೂ “ಭಾಕರೀ ಖಾಲ್ಲೀ”. ತಿಂದದ್ದು ಮಾವಾದರೆ “ಆಂಬಾ ಖಾಲ್ಲಾ”. ಅಲ್ಲಿ ಕ್ರಿಯಾಪದವು ಕರ್ಮವನ್ನು ಅನುಸರಿಸಿತು. “ಇದು ನಮ್ಮ ಶಾಲೆ” ಎಂಬುದು ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೇ ಪೂರ್ಣ ವಾಕ್ಯ. ಮರಾಠಿಯಲ್ಲಿ ಸಾಮಾನ್ಯವಾಗಿ ಕೊನೆಗೆ “ಆಹೇ” ಬರುತ್ತದೆ. ಈ ಭೇದವನ್ನು ತಾನೇ ಕಂಡುಕೊಂಡ ಮಗು ಎರಡನ್ನೂ ಬೆರೆಸಿ ತೊಡಕಿಗೆ ಬೀಳುವುದು ಕಡಿಮೆ.

ಕನ್ನಡ ಶಾಲೆಗೆ ಕಳುಹಿಸಿದರೆ ಮಗು ಮರಾಠಿಯಲ್ಲಿ ಹಿಂದುಳಿದೀತೆಂಬ ಅಂಜಿಕೆ ಅನೇಕ ಪಾಲಕರಲ್ಲಿದೆ. ಅದು ಅಕಾರಣವೆಂದು ನಾವು ತಳ್ಳಿಹಾಕುವುದಿಲ್ಲ. ಮರಾಠಿಯನ್ನು ಚೆನ್ನಾಗಿ ಕಲಿಸುವುದೂ ನಮ್ಮ ಹೊಣೆಯೇ. ಆದರೆ ಯಾರು, ಏನನ್ನು, ಏನು ಮಾಡಿದರು ಎಂದು ವಿಂಗಡಿಸುವ ಬುದ್ಧಿ ತಾಯ್ನುಡಿಯಲ್ಲಿ ಒಮ್ಮೆ ಬಲಿತರೆ ಮತ್ತೊಂದು ಭಾಷೆಯ ಕಲಿಕೆಗೆ ಅದೇ ಆಧಾರವಾಗುತ್ತದೆ. ಅಂತಹ ಮಗು ನಾಳೆ ಬೆಳೆಹಾನಿಯ ಅರ್ಜಿಯನ್ನು ತಾನೇ ಬರೆದೀತು. ಬರೆಯಿಸಿಕೊಳ್ಳಲು ಪರರ ಬಾಗಿಲು ಕಾಯಲಾರದು.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗು “ಬಿದ್ದಾನ” ಎಂದು ಓಡಿ ಬಂದರೆ “ಯಾರು? ಎಲ್ಲಿ?” ಎಂದು ಕೇಳಿರಿ, ಮಾತನ್ನು ಅದೇ ಪೂರ್ತಿಗೊಳಿಸಲಿ. ಮುಂದಿನ ಪಾಠವನ್ನು ಶಾಲೆ ನಡೆಸುವುದು.