ರನ್ ಬರದ ಬ್ಯಾಟರ್‌ಗೆ ಮನಸ್ಸಿಲ್ಲವೇ? ಕರುಣ್ ನಾಯರ್ ನೆಪದಲ್ಲಿ ಒಂದು ವಿಚಾರ

ಒಬ್ಬ ಬ್ಯಾಟರ್ ಮೇಲಿಂದ ಮೇಲೆ ಔಟಾಗೋಕೆ ಶುರುವಾದರೆ ಅಭಿಮಾನಿಗಳು ಎರಡು ಮಾತು ಒಟ್ಟೊಟ್ಟಿಗೆ ಆಡ್ತೀವಿ. ಒಂದು, "ಇವನ ಕಾಲ ಮುಗೀತು." ಇನ್ನೊಂದು, "ಇವನಿಗೆ ಆಡೋ ಮನಸ್ಸೇ ಇಲ್ಲ." ಮೊದಲನೇ ಮಾತು ಆಟದ ಬಗ್ಗೆ, ಎರಡನೇದು ಮನುಷ್ಯನ ಬಗ್ಗೆ. ಮೊದಲನೇದನ್ನ ಅಂಕಿ ಇಟ್ಟು ನೋಡಿ ಹೌದು, ಅಲ್ಲ ಅಂತ ಹೇಳಬಹುದು. ಎರಡನೇದನ್ನ ನಮ್ಮ ಸಿಟ್ಟು ಹೇಳಿಸುತ್ತೆ. ಇವತ್ತು ಇವೆರಡನ್ನೂ ಬಿಡಿಸಿ ನೋಡೋಣ. ಅದಕ್ಕೆ ನಾನು ಆರಿಸಿಕೊಂಡಿರೋದು ಕರುಣ್ ನಾಯರ್ ಅವರನ್ನ.

ಯಾಕೆ ಕರುಣ್ ಅಂದ್ರೆ, ನಾವಿರೋದು ವಯನಾಡಿನ ಕೇಣಿಚಿರದಲ್ಲಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ. ಕರುಣ್ ಅವರ ತಂದೆ ತಾಯಿ ಕೇರಳದವರು. ಅವರು ಹುಟ್ಟಿದ್ದು ಜೋಧಪುರದಲ್ಲಿ, ಕ್ರಿಕೆಟಿಗನಾಗಿ ಬೆಳೆದದ್ದು ಬೆಂಗಳೂರಿನಲ್ಲಿ. ಹಾಗಾಗಿ ನಮ್ಮ ಕಡೆ ಎರಡೂ ಭಾಷೆಯವರು ಅವರನ್ನ "ನಮ್ಮವನು" ಅಂತಾರೆ, ಎರಡೂ ಭಾಷೆಯಲ್ಲಿ ಬೈತಾರೆ ಕೂಡ.

ಮೊದಲು ಕಥೆ ನೆನಪು ಮಾಡಿಕೊಳ್ಳೋಣ. 2015ರ ಮಾರ್ಚ್, ಮುಂಬೈಯಲ್ಲಿ ರಣಜಿ ಫೈನಲ್. ತಮಿಳುನಾಡಿನ ವಿರುದ್ಧ ಕರ್ನಾಟಕದ ಪರ ಕರುಣ್ ಹೊಡೆದದ್ದು 328. ಮುಂದಿನ ವರ್ಷ, 2016ರ ಡಿಸೆಂಬರ್‌ನಲ್ಲಿ, ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಅದು ಟೆಸ್ಟ್‌ನಲ್ಲಿ ಅವರ ಮೂರನೇ ಇನ್ನಿಂಗ್ಸ್ ಅಷ್ಟೇ. ಅದೇ ಇನ್ನಿಂಗ್ಸ್‌ನಲ್ಲಿ ಕೆ.ಎಲ್. ರಾಹುಲ್ 199. ಭಾರತ 7 ವಿಕೆಟ್‌ಗೆ 759 ಮಾಡಿ ಡಿಕ್ಲೇರ್ ಮಾಡಿತು. ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕ ಮಾಡಿದವರು ಅದಕ್ಕೂ ಮುಂಚೆ ಇಬ್ಬರೇ: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್.

ಆದರೆ ಮುಂದಿನ ಟೆಸ್ಟ್‌ನಲ್ಲೇ ಅವರಿಗೆ ಜಾಗ ಇರಲಿಲ್ಲ. ಗಾಯದಿಂದ ವಾಪಸಾದ ಅಜಿಂಕ್ಯ ರಹಾನೆಗೆ ಜಾಗ ಬಿಡಬೇಕಾಯಿತು. ಆಮೇಲೆ 2017ರಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನ್ನಿಂಗ್ಸ್: 26, 0, 23, 5. ಅಲ್ಲಿಗೆ ಬಾಗಿಲು ಮುಚ್ಚಿತು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡದ ಜೊತೆಗಿದ್ದರೂ ಒಂದು ಟೆಸ್ಟೂ ಆಡಲಿಲ್ಲ. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. 2022ರ ಡಿಸೆಂಬರ್‌ನಲ್ಲಿ, ಇನ್ನೊಂದು ಅವಕಾಶ ಕೊಡು ಅಂತ ಅವರು ಕ್ರಿಕೆಟ್‌ಗೇ ಬಹಿರಂಗವಾಗಿ ಮೊರೆ ಇಟ್ಟರು. ಮರುವರ್ಷ ರಾಜ್ಯ ಬಿಟ್ಟು ವಿದರ್ಭ ಸೇರಿದರು. ಇಂಗ್ಲೆಂಡ್‌ನಲ್ಲಿ ನಾರ್ಥಾಂಪ್ಟನ್‌ಶೈರ್ ಕೌಂಟಿಗೂ ಆಡಿದರು.

ಆಮೇಲೆ 2024-25ರ ಸೀಸನ್. ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್, ಐದು ಶತಕ. ಔಟಾಗಿದ್ದು ಎರಡೇ ಸಲ, ಹಾಗಾಗಿ ಸರಾಸರಿ 389.5. ರಣಜಿಯಲ್ಲಿ 863 ರನ್. ಆ ರಣಜಿ ಫೈನಲ್ ನಮ್ಮ ಕಡೆಯವರು ಮರೆಯೋ ಹಾಗಿಲ್ಲ. ಕೇರಳ ಮೊತ್ತಮೊದಲ ಸಲ ಫೈನಲ್ ತಲುಪಿತ್ತು. ನಾಗಪುರದಲ್ಲಿ ಎದುರಿಗಿದ್ದದ್ದು ವಿದರ್ಭ. ಕರುಣ್ 86 ಮತ್ತು 135 ಹೊಡೆದರು. ಪಂದ್ಯ ಡ್ರಾ ಆಯಿತು, ಮೊದಲ ಇನ್ನಿಂಗ್ಸ್‌ನ 37 ರನ್ ಮುನ್ನಡೆಯಲ್ಲಿ ಕಪ್ ವಿದರ್ಭದ ಪಾಲಾಯಿತು.

ಹೀಗೆ 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಭಾರತದ ಟೆಸ್ಟ್ ತಂಡ. ನಡುವೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಆ ಇಂಗ್ಲೆಂಡ್ ಸರಣಿಯಲ್ಲಿ ಅವರ ಸ್ಕೋರು ನಿಧಾನವಾಗಿ ಕೇಳಿ: 0, 20, 31, 26, 40, 14, 57, 17. ಎಂಟು ಇನ್ನಿಂಗ್ಸ್, 205 ರನ್, ಸರಾಸರಿ 26ರ ಹತ್ತಿರ. ನಡುವೆ ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ಕೂರಿಸಿದರು, ಓವಲ್‌ಗೆ ವಾಪಸ್ ಕರೆದರು. ಸೆಪ್ಟೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಸರಣಿಗೆ ಕೈಬಿಟ್ಟರು. ಅವರಿಂದ ಇನ್ನೂ ಹೆಚ್ಚು ನಿರೀಕ್ಷೆ ಇತ್ತು ಅಂತ ಮುಖ್ಯ ಆಯ್ಕೆಗಾರ ಅಜಿತ್ ಅಗರ್ಕರ್ ಹೇಳಿದರು.

ಕಥೆ ಇಷ್ಟು. ಈಗ ವಾದಕ್ಕೆ ಬರೋಣ.

ಒಂದು ಗುಂಪು ಹೇಳುತ್ತೆ: ಎಂಟು ವರ್ಷ ಕಾದವನು ಇನ್ನೂ ಹಟದಿಂದ ಆಡಬೇಕಿತ್ತು. ಲಾರ್ಡ್ಸ್‌ನ ಎರಡನೇ ಇನ್ನಿಂಗ್ಸ್‌ನಲ್ಲಿ ಬ್ರೈಡನ್ ಕಾರ್ಸ್ ಚೆಂಡಿಗೆ ಬ್ಯಾಟ್ ಎತ್ತಿ ಬಿಟ್ಟು ಎಲ್‌ಬಿಡಬ್ಲ್ಯು ಆದರಲ್ಲ, ಅದು ಉದಾಸೀನ ಅಲ್ವಾ? ಆ ಪಂದ್ಯ ಭಾರತ 22 ರನ್‌ನಿಂದ ಸೋತಿತು, ಹಾಗಾಗಿ ಆ ಒಂದು ಚೆಂಡಿನ ನೋವು ಇನ್ನೂ ಆರಿಲ್ಲ.

ಇಲ್ಲಿ ನಾವು ಚೆಂಡಿನ ಲೆಕ್ಕ ತಿಳಿದುಕೊಳ್ಳಬೇಕು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರ್ ಕೈಯಿಂದ ಬ್ಯಾಟರ್ ಹತ್ತಿರ ಬರೋಕೆ ಸುಮಾರು ಅರ್ಧ ಸೆಕೆಂಡು. ಪಿಚ್ ಬಿದ್ದಮೇಲೆ ಚೆಂಡು ದಾರಿ ಬದಲಿಸಿದರೆ, ಅದನ್ನ ಕಣ್ಣು ಕಂಡು ಕೈ ತಿದ್ದಿಕೊಳ್ಳೋಕೆ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಬೇಕು. ಗುಡ್ ಲೆಂತ್‌ನಲ್ಲಿ ಬಿದ್ದ ಚೆಂಡು ಅಷ್ಟು ಹೊತ್ತು ಕೊಡೋದಿಲ್ಲ. ಇಂಗ್ಲೆಂಡಿನ ವಿಜ್ಞಾನಿಗಳಾದ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ ಬ್ಯಾಟರ್‌ಗಳ ಕಣ್ಣಿನ ಚಲನೆ ಅಳೆದು 2000ದಲ್ಲಿ ಪ್ರಕಟಿಸಿದರು. ಚೆಂಡು ಎಲ್ಲಿ ಬೀಳುತ್ತೆ ಅಂತ ಊಹಿಸಿ ಬ್ಯಾಟರ್‌ನ ಕಣ್ಣು ಮೊದಲೇ ಆ ಜಾಗಕ್ಕೆ ಜಿಗಿಯುತ್ತೆ. ಒಳ್ಳೆ ಬ್ಯಾಟರ್‌ನ ಕಣ್ಣು ಇನ್ನೂ ಬೇಗ ಜಿಗಿಯುತ್ತೆ.

ಅಂದ್ರೆ, ಚೆಂಡನ್ನ ಬಿಡೋದಾ ಆಡೋದಾ ಅನ್ನೋ ತೀರ್ಮಾನ ನಾವು ಟೀವಿಯಲ್ಲಿ ನೋಡೋ ಹೊತ್ತಿಗಿಂತ ಬಹಳ ಮೊದಲು ಆಗಿರುತ್ತೆ. ಆ ಅರ್ಧ ಸೆಕೆಂಡಿನಲ್ಲಿ ಹೆಚ್ಚು ಶ್ರಮ, ಕಡಿಮೆ ಶ್ರಮ ಅನ್ನೋದೇ ಇಲ್ಲ. ಶ್ರಮ ಇರೋದು ಅದರ ಹಿಂದಿನ ತಿಂಗಳುಗಳಲ್ಲಿ: ನೆಟ್ಸ್‌ನಲ್ಲಿ, ಥ್ರೋಡೌನ್‌ನಲ್ಲಿ, ಚಳಿಯ ಕೌಂಟಿ ಮೈದಾನದಲ್ಲಿ. ಅಲ್ಲಿ ಕ್ಯಾಮೆರಾ ಇರೋದಿಲ್ಲ. ಲಾರ್ಡ್ಸ್‌ನಲ್ಲಿ ಆದದ್ದು ತಪ್ಪು ಅಂದಾಜು. ಅದನ್ನ ತಪ್ಪು ಅಂತ ಹೇಳೋಣ, ಖಂಡಿತ ಹೇಳೋಣ. ಉದಾಸೀನ ಅಂತ ಹೇಳೋಕೆ ನಮ್ಮ ಹತ್ತಿರ ಸಾಕ್ಷಿ ಇಲ್ಲ.

ಇದನ್ನ ನಮ್ಮೂರ ಹತ್ತಿರದ ಪಂದ್ಯದಿಂದಲೇ ಹೇಳ್ತೀನಿ. ಮೀನಂಗಾಡಿ ಹತ್ತಿರದ ಕೃಷ್ಣಗಿರಿ ಸ್ಟೇಡಿಯಂ ನಿಮಗೆಲ್ಲ ಗೊತ್ತು. 2019ರ ಜನವರಿಯಲ್ಲಿ ಅಲ್ಲಿ ರಣಜಿ ಕ್ವಾರ್ಟರ್ ಫೈನಲ್ ನಡೆಯಿತು. ಕೇರಳದ ಬೇಸಿಲ್ ತಂಪಿ, ಸಂದೀಪ್ ವಾರಿಯರ್ ಬೌಲಿಂಗ್‌ಗೆ ಗುಜರಾತ್ ಎರಡನೇ ಇನ್ನಿಂಗ್ಸ್‌ನಲ್ಲಿ 81ಕ್ಕೆ ಆಲೌಟ್. ಕೇರಳ ಮೊದಲ ಸಲ ಸೆಮಿಫೈನಲ್ ಸೇರಿತು. ಅದೇ ತಿಂಗಳು, ಅದೇ ಮೈದಾನದಲ್ಲಿ ಸೆಮಿಫೈನಲ್. ಈ ಸಲ ವಿದರ್ಭದ ಉಮೇಶ್ ಯಾದವ್ ಪಂದ್ಯದಲ್ಲಿ 12 ವಿಕೆಟ್ ತೆಗೆದರು. ಕೇರಳ 106 ಮತ್ತು 91. ಎರಡೇ ದಿನದಲ್ಲಿ ಪಂದ್ಯ ಮುಗೀತು.

ಕೆಲವೇ ದಿನದ ಹಿಂದೆ ಇತಿಹಾಸ ಬರೆದ ಆ ಹುಡುಗರಿಗೆ ಸೆಮಿಫೈನಲ್ ದಿನ ಆಡೋ ಮನಸ್ಸಿರಲಿಲ್ಲ ಅಂತ ಯಾರಾದರೂ ಹೇಳ್ತಾರಾ? ಪಿಚ್ ವೇಗದವರಿಗೆ ಒಲಿದಿತ್ತು, ಎದುರಿಗೆ ಭಾರತಕ್ಕೆ ಆಡಿದ ಬೌಲರ್ ಇದ್ದರು. ಸ್ಕೋರ್‌ಬೋರ್ಡ್‌ನಲ್ಲಿ ಬ್ಯಾಟರ್‌ನ ಹೆಸರಿನ ಮುಂದೆ ರನ್ ಮಾತ್ರ ಬರೀತಾರೆ. ಪಿಚ್ ಹೇಗಿತ್ತು, ಬೌಲರ್ ಎಷ್ಟು ದೊಡ್ಡವನು ಅನ್ನೋದನ್ನ ನಾವೇ ಸೇರಿಸಿ ಓದಬೇಕು.

ಇನ್ನು "ಕಾಲ ಮುಗೀತು" ಅನ್ನೋ ಮಾತು. ಇದು ನ್ಯಾಯವಾದ ಪ್ರಶ್ನೆ, ಕೇಳಲೇಬೇಕು. ಆದರೆ ತಾತ್ಕಾಲಿಕ ಬರಗಾಲ ಬೇರೆ, ವಯಸ್ಸಿನ ಇಳಿತ ಬೇರೆ. ಒಂದು ವರ್ಷ ಕಾಫಿ ಗಿಡ ಕಡಿಮೆ ಫಸಲು ಕೊಟ್ಟರೆ ನಾವು ಬುಡ ಕಿತ್ತು ಹಾಕೋದಿಲ್ಲ. ಬೇರು ನೋಡ್ತೀವಿ, ಕಾಂಡ ಕೊರಕ ಹೊಕ್ಕಿದೆಯಾ ನೋಡ್ತೀವಿ. ಬ್ಯಾಟರ್‌ನಲ್ಲಿ ನೋಡಬೇಕಾದ್ದು ಮೂರು.

ಮೊದಲನೇದು, ಔಟಾಗೋ ರೀತಿ. ರಾಹುಲ್ ದ್ರಾವಿಡ್ ಅವರ ಕೊನೆಯ ವರ್ಷ ನೆನಪಿಸಿಕೊಳ್ಳಿ. 2011ರ ಬೇಸಿಗೆಯಲ್ಲಿ ಇಂಗ್ಲೆಂಡ್‌ನಲ್ಲಿ, 38ನೇ ವಯಸ್ಸಿನಲ್ಲಿ, ನಾಲ್ಕು ಟೆಸ್ಟ್‌ಗಳಲ್ಲಿ 461 ರನ್, ಮೂರು ಶತಕ. ಭಾರತ ನಾಲ್ಕೂ ಸೋತರೂ ಅವರೊಬ್ಬರು ಗಟ್ಟಿ ನಿಂತಿದ್ದರು. ಕೆಲವೇ ತಿಂಗಳಲ್ಲಿ ಆಸ್ಟ್ರೇಲಿಯಾದಲ್ಲಿ ಎಂಟು ಇನ್ನಿಂಗ್ಸ್‌ಗೆ 194 ರನ್. ಅದರಲ್ಲಿ ಆರು ಸಲ ಬೌಲ್ಡ್. ಜೀವಮಾನವಿಡೀ ಬ್ಯಾಟ್ ಮತ್ತು ಪ್ಯಾಡ್ ನಡುವೆ ಗಾಳಿ ಆಡೋಕೆ ಬಿಡದ ಬ್ಯಾಟರ್ ಆರು ಸಲ ಬೌಲ್ಡ್ ಆದರೆ, ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಗುರುತು. 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಅವರು ನಿವೃತ್ತಿ ಹೇಳಿದರು. ಟೆಸ್ಟ್‌ನಲ್ಲಿ 31,258 ಚೆಂಡು ಎದುರಿಸಿದ ಮನುಷ್ಯ ಅವರು. ಕೊನೆಯ ಸರಣಿಯಲ್ಲಿ ಅವರ ಶ್ರಮ ಕಡಿಮೆಯಾಗಿತ್ತು ಅಂತ ಯಾರು ಹೇಳಬಲ್ಲರು? ಶ್ರಮ ಪೂರ್ತಿ ಇದ್ದೂ ಇಳಿತ ಬರುತ್ತೆ. ನಮ್ಮ ಎರಡು ಮಾತುಗಳನ್ನ ಬೇರೆ ಬೇರೆ ಇಡಬೇಕು ಅನ್ನೋಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಎರಡನೇದು, ಕಾಲದ ಅಳತೆ. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ವಿಷಯದಲ್ಲಿ ಏನಾಯಿತು ನೋಡಿ. 2023ರ ಫೆಬ್ರವರಿ, ಆಸ್ಟ್ರೇಲಿಯಾ ವಿರುದ್ಧ 20, 17, 1. ಮಾಜಿ ವೇಗದ ಬೌಲರ್, ನಮ್ಮ ಕರ್ನಾಟಕದವರೇ ಆದ ವೆಂಕಟೇಶ್ ಪ್ರಸಾದ್, ಈ ಆಯ್ಕೆ ಆಟ ನೋಡಿ ಆಗ್ತಿಲ್ಲ, ಬೇಕಾದವರು ಅಂತ ಆಗ್ತಿದೆ ಎಂದು ಬಹಿರಂಗವಾಗಿ ಟೀಕಿಸಿದರು. ಮಾಜಿ ಆಟಗಾರ ಆಕಾಶ್ ಚೋಪ್ರಾ ವಿದೇಶದ ಪಿಚ್‌ಗಳ ಲೆಕ್ಕ ಇಟ್ಟು ಉತ್ತರ ಕೊಟ್ಟರು. ಉಪನಾಯಕನ ಪಟ್ಟ ಹೋಯಿತು, ಇಂದೋರ್ ಟೆಸ್ಟ್‌ನಲ್ಲಿ ಜಾಗವೂ ಹೋಯಿತು. ಆಮೇಲೆ ತೊಡೆಗೆ ಗಾಯ, ಶಸ್ತ್ರಚಿಕಿತ್ಸೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111. ನವೆಂಬರ್‌ನಲ್ಲಿ ವಿಶ್ವಕಪ್ ಫೈನಲ್‌ನಲ್ಲಿ 107 ಚೆಂಡಿಗೆ 66, ಒಂದೇ ಬೌಂಡರಿ. ಮತ್ತೆ "ಗೆಲ್ಲೋ ಮನಸ್ಸಿಲ್ಲ" ಅಂದರು. ಡಿಸೆಂಬರ್‌ನಲ್ಲಿ ಸೆಂಚುರಿಯನ್‌ನ ಕಷ್ಟದ ಪಿಚ್‌ನಲ್ಲಿ 101. 2025ರ ಇಂಗ್ಲೆಂಡ್ ಸರಣಿಯಲ್ಲಿ 532 ರನ್, ಎರಡು ಶತಕ. 2023ರ ಮಾರ್ಚ್‌ನಲ್ಲೇ ಅವರ ಕಥೆ ಮುಗಿಸಿದ್ದರೆ ಇದೆಲ್ಲ ನಮಗೆ ಸಿಗ್ತಾ ಇರಲಿಲ್ಲ. ವೆಂಕಟೇಶ್ ಪ್ರಸಾದ್ ರನ್ ಬಗ್ಗೆ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ರನ್ ಇರಲಿಲ್ಲ, ಜಾಗ ಹೋಯಿತು, ಅದು ಆಟದ ನ್ಯಾಯ. ಆದರೆ ರಾಹುಲ್ ಮುಖದಲ್ಲಿ ಆವೇಶ ಕಾಣಲ್ಲ ಅನ್ನೋ ಕಾರಣಕ್ಕೆ ಒಳಗೆ ಕಾಳಜಿ ಇಲ್ಲ ಅಂದವರು ಸೋತರು.

ಮೂರನೇದು, ಕೆಳಗಿನ ಹಂತದಲ್ಲಿ ರನ್ ಬರ್ತಿದೆಯಾ ಅನ್ನೋದು. ನಿಜವಾದ ಇಳಿತ ಇದ್ದರೆ ಅದು ರಣಜಿಯಲ್ಲೂ ಕಾಣುತ್ತೆ.

ಇದು ಕ್ರಿಕೆಟ್‌ಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ರಿಸ್ ಡೇವಿಸ್ ಅಂತ ಒಬ್ಬರಿದ್ದರು. ಏಳು ವರ್ಷಕ್ಕೆ 161 ಮಿಲಿಯನ್ ಡಾಲರ್ ಒಪ್ಪಂದ. 2018ರ ಕೊನೆಯಿಂದ 2019ರ ಏಪ್ರಿಲ್‌ವರೆಗೆ ಲೆಕ್ಕಕ್ಕೆ ಬಂದ 54 ಸರದಿಗಳಲ್ಲಿ ಒಂದೇ ಒಂದು ಹಿಟ್ ಬರಲಿಲ್ಲ. ಅಲ್ಲೂ ಇದೇ ವಾದ: ಅಷ್ಟು ದುಡ್ಡು ಬಂದಮೇಲೆ ಯಾರು ಬೆವರು ಸುರಿಸ್ತಾರೆ? ಆದರೆ ಸಾವಿರಾರು ಜನರ ಮುಂದೆ ಸೋಲ್ತೀನಿ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಬ್ಯಾಟ್ ಹಿಡಿದು ನಿಲ್ಲೋದಕ್ಕೆ ಎಷ್ಟು ಮನಸ್ಸು ಬೇಕು ಯೋಚಿಸಿ. ಡೇವಿಸ್ ವಿಷಯದಲ್ಲಿ ಇಳಿತ ನಿಜವೇ ಆಗಿತ್ತು, 2021ರಲ್ಲಿ ನಿವೃತ್ತರಾದರು. ಅಷ್ಟಾದರೂ ಆ ಇಳಿತವನ್ನ ಸೋಮಾರಿತನ ಅನ್ನೋಕೆ ಬರೋದಿಲ್ಲ.

ಈಗ ಈ ಮೂರು ಅಳತೆ ಹಿಡಿದು ಕರುಣ್ ಕಡೆ ತಿರುಗೋಣ. ಎಂಟು ಇನ್ನಿಂಗ್ಸ್‌ನಲ್ಲಿ ಒಂದು ಸೊನ್ನೆ ಬಿಟ್ಟರೆ 14ಕ್ಕಿಂತ ಕಡಿಮೆ ಎಲ್ಲೂ ಇಲ್ಲ. ಅಂದ್ರೆ ಪಿಚ್‌ನಲ್ಲಿ ನಿಲ್ಲೋಕೆ ಆಗ್ತಿತ್ತು, ನಿಂತದ್ದನ್ನ ದೊಡ್ಡದು ಮಾಡೋಕೆ ಆಗಲಿಲ್ಲ. ಮೂರನೇ ಕ್ರಮಾಂಕದಲ್ಲೂ ಆಡಿಸಿದ ಬ್ಯಾಟರ್‌ನಿಂದ 30, 40 ಸಾಲದು. ಇದು ನಿಜವಾದ ಕೊರತೆ, ಆಯ್ಕೆಗಾರರ ತೀರ್ಮಾನ ತಪ್ಪು ಅಂತ ನಾನು ಹೇಳಲ್ಲ. ಆದರೆ ಓವಲ್‌ನ ಆ 57 ಕೂಡ ತೂಕಕ್ಕೆ ಹಾಕಿ. ಹಸಿರು ಪಿಚ್, ಮೋಡ ಕವಿದ ದಿನ, ಭಾರತದ 224ರಲ್ಲಿ ಅದೇ ಅತಿ ಹೆಚ್ಚು. ಆ ಟೆಸ್ಟ್ ನಾವು ಗೆದ್ದದ್ದು 6 ರನ್‌ನಿಂದ.

ಕೆಳಗಿನ ಹಂತ? ಮತ್ತೆ ಕರ್ನಾಟಕಕ್ಕೆ ಬಂದ ಕರುಣ್ 2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಔಟಾಗದೆ 174, ನವೆಂಬರ್‌ನಲ್ಲಿ ತಿರುವನಂತಪುರದ ಹತ್ತಿರ ಮಂಗಲಪುರಂನಲ್ಲಿ ಕೇರಳದ ವಿರುದ್ಧ 233 ಹೊಡೆದರು. ಕಾಲ ಮುಗಿದವರ ಲೆಕ್ಕ ಹೀಗಿರೋದಿಲ್ಲ. ಟೆಸ್ಟ್ ಮಟ್ಟದ ವೇಗದ ಎದುರು ಅವರಿಗೆ ಒಂದು ಮೆಟ್ಟಿಲು ಕಡಿಮೆ ಬಿದ್ದಿರಬಹುದು. ಅಷ್ಟನ್ನ ಮಾತ್ರ ಹೇಳೋಕೆ ನಮಗೆ ಹಕ್ಕಿದೆ.

ಈ ಮಾತು ನಮ್ಮೂರಿಗೂ ಸೇರಿದ್ದು. ನಮ್ಮ ವಯನಾಡಿನ ಮಾನಂದವಾಡಿಯಿಂದ ಮಿನ್ನು ಮಣಿ, ಸಜನಾ ಸಜೀವನ್ ಭಾರತದ ಮಹಿಳಾ ತಂಡಕ್ಕೆ ಹೋಗಿದ್ದಾರೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್ ಪಂದ್ಯದಲ್ಲಿ ಮುಂಬೈಗೆ ಕೊನೆಯ ಚೆಂಡಿಗೆ 5 ರನ್ ಬೇಕಿದ್ದಾಗ, ತಾನೆದುರಿಸಿದ ಮೊದಲ ಚೆಂಡನ್ನೇ ಸಿಕ್ಸರ್‌ಗೆ ಎತ್ತಿದವರು ಸಜನಾ. ಅವತ್ತು ಪಟಾಕಿ ಹೊಡೆದ ನಾವೇ, ನಾಳೆ ಅವರಿಗೊಂದು ಕೆಟ್ಟ ಸೀಸನ್ ಬಂದರೆ ಏನು ಮಾತಾಡ್ತೀವಿ ಅನ್ನೋದು ಮುಖ್ಯ. ಇಲ್ಲಿಂದ ಬ್ಯಾಟ್ ಹಿಡಿದು ಹೊರಡೋ ಮಕ್ಕಳು ನಮ್ಮ ಮಾತು ಕೇಳಿಸಿಕೊಂಡೇ ಬೆಳೀತಾರೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ರನ್ ಕೇಳಿ, ಟೆಕ್ನಿಕ್ ಪ್ರಶ್ನಿಸಿ, ಜಾಗ ಬಿಡಲಿ ಅಂತಲೂ ಹೇಳಿ. ಔಟಾಗೋ ರೀತಿ, ಕಾಲದ ಅಳತೆ, ಕೆಳಹಂತದ ರನ್, ಈ ಮೂರನ್ನೂ ನೋಡಿ ಹೇಳಿ. ಮನಸ್ಸಿಲ್ಲ ಅನ್ನೋ ಆರೋಪ ಮಾತ್ರ ಸಾಕ್ಷಿ ಇಲ್ಲದೆ ಯಾರ ಮೇಲೂ ಹೊರಿಸಬೇಡಿ.