ರೊಟ್ಟಿ ಕೊಡುವ ಮರ



ಇಟಲಿ ಎಂದೊಡನೆ ನಿಮಗೆ ರೋಮ್, ವೆನಿಸ್, ಪೀಸಾದ ವಾಲುಗೋಪುರ ನೆನಪಾಗಬಹುದು. ಇಂದು ನಾವು ಅಷ್ಟೇನೂ ಹೆಸರಾಗದ ಒಂದು ಬೆಟ್ಟದೂರಿಗೆ ಹೋಗೋಣ. ಅದರ ಹೆಸರು ಮರ್ರಾಡಿ. ಫ್ಲಾರೆನ್ಸ್ ನಗರದ ಈಶಾನ್ಯಕ್ಕೆ, ಅಪೆನೈನ್ ಪರ್ವತಗಳ ನಡುವೆ, ಲಾಮೊನೆ ನದಿಯ ದಂಡೆಯಲ್ಲಿರುವ ಈ ಊರಿನ ಜನಸಂಖ್ಯೆ ಸುಮಾರು 3,000.

ಅಕ್ಟೋಬರ್ ಬಂತೆಂದರೆ ಇಲ್ಲಿ ಚೆಸ್ಟ್‌ನಟ್ ಕೊಯ್ಲಿನ ಕಾಲ. ಕೊಯ್ಲು ಎಂದೆನಾದರೂ ಮರ ಹತ್ತಿ ಕೀಳುವ ಕೆಲಸವೇನೂ ಇಲ್ಲ. ಮುಳ್ಳುಚೆಂಡಿನಂಥ ಹೊರಸಿಪ್ಪೆ ಬಿರಿದು ಕಾಯಿ ತಾನಾಗಿ ನೆಲಕ್ಕೆ ಉದುರುತ್ತದೆ. ಮನೆಮಂದಿ, ನೆಂಟರು, ಗೆಳೆಯರು ಕೈಗವಸು ತೊಟ್ಟು, ಬುಟ್ಟಿ ಹಿಡಿದು, ಬೆನ್ನು ಬಾಗಿಸಿ ಆರಿಸುತ್ತಾರೆ. ಅಕ್ಟೋಬರಿನ ಭಾನುವಾರಗಳಂದು ಊರಿನ ಬೀದಿಗಳಲ್ಲಿ ಚೆಸ್ಟ್‌ನಟ್ ಹಬ್ಬ ನಡೆಯುತ್ತದೆ. ತೂತುಗಳಿರುವ ಬಾಣಲೆಯಲ್ಲಿ ಕಾಯಿ ಹುರಿಯುವ ಘಮ ಎಲ್ಲೆಡೆ ಹರಡುತ್ತದೆ. ಹುರಿಯುವ ಮೊದಲು ಸಿಪ್ಪೆಯನ್ನು ಚಾಕುವಿನಿಂದ ಸೀಳುತ್ತಾರೆ. ಏಕೆ ಬಲ್ಲಿರಾ? ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಕಾಯಿ ಸಿಡಿಯುತ್ತದೆ.

ಬಾದಾಮಿ, ಶೇಂಗಾಗಳಂತೆ ಇದರಲ್ಲಿ ಎಣ್ಣೆಯ ಅಂಶ ಹೆಚ್ಚಿಲ್ಲ, ಪಿಷ್ಟವೇ ಹೆಚ್ಚು. ಆದ್ದರಿಂದ ಇದನ್ನು ಒಣಗಿಸಿ ಹಿಟ್ಟು ಮಾಡಬಹುದು. ಗೋಧಿ ಬೆಳೆಯಲು ಕಷ್ಟವಾದ ಈ ಕಡಿದಾದ ಬೆಟ್ಟಗಳಲ್ಲಿ ಶತಮಾನಗಳ ಕಾಲ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಹಿಟ್ಟು. ಜನ ಅದನ್ನು 'ರೊಟ್ಟಿಯ ಮರ' ಎಂದೇ ಕರೆದರು. ತೋಪಿನ ಪುಟ್ಟ ಕಲ್ಲುಮನೆಯಲ್ಲಿ ಅಟ್ಟದ ಮೇಲೆ ಕಾಯಿ ಹರಡಿ, ಕೆಳಗೆ ವಾರಗಟ್ಟಲೆ ಸಣ್ಣ ಬೆಂಕಿ ಉರಿಸುತ್ತಿದ್ದರು. ಬೆಂಕಿ ಆರದಂತೆ ಕಾಯಬೇಕಲ್ಲ? ಸಂಜೆ ನೆರೆಹೊರೆಯವರು ಅದರ ಸುತ್ತ ಕೂಡುತ್ತಿದ್ದರು. ಕಥೆ, ಹರಟೆ, ಜಗಳ, ರಾಜಿ ಎಲ್ಲವೂ ಅಲ್ಲೇ. ಆ ಹಿಟ್ಟಿಗೆ ನೀರು, ಆಲಿವ್ ಎಣ್ಣೆ, ಒಣದ್ರಾಕ್ಷಿ, ಪೈನ್ ಬೀಜ, ರೋಸ್ಮರಿ ಸೇರಿಸಿ ಬೇಯಿಸುವ 'ಕಸ್ತಾನ್ಯಾಚೊ' ಇಂದಿಗೂ ಟಸ್ಕನಿಯ ಮನೆಗಳ ತಿಂಡಿ. ಸಕ್ಕರೆ ಬೇಡ, ಹಿಟ್ಟೇ ಸಿಹಿ. ನವೆಂಬರ್ 11ರ ಸಂತ ಮಾರ್ಟಿನ್ ದಿನದಂದು ಹಿರಿಯರು ಹೊಸ ದ್ರಾಕ್ಷಾರಸದ ಜೊತೆ ಹುರಿದ ಕಾಯಿ ಸವಿಯುತ್ತಾರೆ.

ಆದರೆ ಈ ಸುಗ್ಗಿ ನಿಂತೇಹೋಗುವ ಭಯವೂ ಇತ್ತು. 1950 ಮತ್ತು 60ರ ದಶಕಗಳಲ್ಲಿ ಬೆಟ್ಟದ ಯುವಕರು ಕಾರ್ಖಾನೆಗಳನ್ನು ಅರಸಿ ಬಯಲಿಗಿಳಿದರು. ಅನೇಕ ತೋಪುಗಳು ಪಾಳುಬಿದ್ದವು. 2002ರಲ್ಲಿ ಉತ್ತರ ಇಟಲಿಯ ಪೀಡ್‌ಮಾಂಟ್‌ನಲ್ಲಿ ಏಷ್ಯಾ ಮೂಲದ ಒಂದು ಪುಟ್ಟ ಕಣಜ ಕಾಣಿಸಿಕೊಂಡು ದೇಶವೆಲ್ಲ ಹರಡಿತು. ಅದು ಮರದ ಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ, ಮೊಗ್ಗು ಗಂಟುಗಟ್ಟುತ್ತದೆ, ಫಸಲು ಕುಸಿಯುತ್ತದೆ. ಮರಿ ಗಂಟಿನೊಳಗೆ ಅಡಗಿರುವುದರಿಂದ ಔಷಧ ಸಿಂಪಡಿಸಿದರೂ ಪ್ರಯೋಜನವಿಲ್ಲ.

ಆಗ ಟ್ಯೂರಿನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಜಪಾನಿನಿಂದ ಆ ಕಣಜದ ಸಹಜ ಶತ್ರುವನ್ನೇ ತರಿಸಿದರು. 'ಟೊರಿಮಸ್ ಸಿನೆನ್ಸಿಸ್' ಎಂಬ ಈ ಕೀಟದ ಮರಿ ಗಂಟಿನೊಳಗಿನ ಪಿಡುಗಿನ ಮರಿಯನ್ನೇ ತಿನ್ನುತ್ತದೆ. 2005ರಲ್ಲಿ ಮೊದಲ ಬಾರಿಗೆ ಅದನ್ನು ತೋಪುಗಳಲ್ಲಿ ಬಿಟ್ಟರು. ಫಲ ಕಾಣಲು ವರ್ಷಗಳೇ ಹಿಡಿದವು. ಆದರೂ ಪಿಡುಗು ತಗ್ಗಿತು, ಮರಗಳು ಮತ್ತೆ ಕಾಯಿ ಬಿಟ್ಟವು.

ಮಿತ್ರರೇ, ವಿಜ್ಞಾನ ಮರವನ್ನು ಉಳಿಸಿಕೊಟ್ಟಿತು. ಆದರೆ ಪ್ರತಿ ವರ್ಷ ಪೊದೆ ಸವರಿ, ಕೊಂಬೆ ಕತ್ತರಿಸಿ, ಬಾಗಿ ಕಾಯಿ ಆರಿಸಲು ಮನುಷ್ಯರೇ ಬೇಕು. ಮರ್ರಾಡಿ ಇರುವ ಮುಜೆಲ್ಲೊ ಸೀಮೆಯ ಚೆಸ್ಟ್‌ನಟ್‌ಗೆ 1996ರಲ್ಲೇ ಯುರೋಪಿನ ಭೌಗೋಳಿಕ ಮಾನ್ಯತೆ ದೊರೆತಿದೆ. ಹೆಸರು ದೊರೆತರೆ ಬೆಲೆ ದೊರೆಯುತ್ತದೆ, ಬೆಲೆ ದೊರೆತರೆ ಊರಲ್ಲಿ ಉಳಿಯಲು ಒಂದು ಕಾರಣವಾದೀತು ಎಂಬುದು ಅದರ ಹಿಂದಿನ ಆಸೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಇನ್ನು ಮೂವತ್ತು ವರ್ಷಗಳ ಮೇಲೆ ಆ ತೋಪಿನಲ್ಲಿ ಬುಟ್ಟಿ ಹಿಡಿಯುವವರು ಯಾರು? ಅದಕ್ಕೆ ಉತ್ತರ ಕೊಡಬೇಕಾದವರು ಇಂದು ನಿಮ್ಮಂತೆಯೇ ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಅಲ್ಲಿನ ಮಕ್ಕಳು.