ಕೊನೆಯ ಮನೆಗೆ ಬೆಳಕಿನ ದಾರಿ

ದೊಡ್ಡ ಕಂಪನಿಯೊಡನೆ ಸಣ್ಣ ಸಂಸ್ಥೆಯೊಂದು ಸ್ಪರ್ಧೆಗಿಳಿಯಿತೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ದರದ ಪೈಪೋಟಿ. ಒಬ್ಬನು ನೂರಕ್ಕೆ ಕೊಡುವುದನ್ನು ಇನ್ನೊಬ್ಬನು ತೊಂಬತ್ತಕ್ಕೆ ಕೊಡುತ್ತಾನೆ, ಲಾಭ ಗಿರಾಕಿಯದು. ಆದರೆ ಮನೆಮನೆಗೆ ಅಂತರಜಾಲವನ್ನು ಮುಟ್ಟಿಸುವ ಉದ್ಯಮದಲ್ಲಿ ದರಕ್ಕಿಂತ ಮೊದಲು ಏಳುವ ಪ್ರಶ್ನೆ ದಾರಿಯದು. ನೆಲ ಅಗೆದು ತಂತಿ ಹಾಸುವವರು ಯಾರು? ಹಾಸಿದ ಮೇಲೆ ಅದು ಯಾರ ಸೊತ್ತು? ಇಂಗ್ಲೆಂಡಿನ ಒಂದು ನಿದರ್ಶನದ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸಬಯಸುತ್ತೇನೆ.

1984ರಲ್ಲಿ ಬ್ರಿಟಿಷ್ ಟೆಲಿಕಾಮ್ ಸರ್ಕಾರದ ಕೈಯಿಂದ ಖಾಸಗಿಯವರ ಕೈಗೆ ಹೋದಾಗ, ದೇಶದ ಉದ್ದಗಲಕ್ಕೂ ಹರಡಿದ್ದ ತಾಮ್ರದ ತಂತಿಜಾಲವೂ ಅದರೊಡನೆಯೇ ಹೋಯಿತು. ತಾಮ್ರದಲ್ಲಿ ಸಂಕೇತವು ದೂರ ಸಾಗಿದಷ್ಟೂ ಕ್ಷೀಣಿಸುತ್ತದೆ. ಟೆಲಿಫೋನ್ ಕೇಂದ್ರದಿಂದ ಮೈಲಿಗಟ್ಟಲೆ ದೂರವಿರುವ ಹಳ್ಳಿಮನೆಗೆ ದಕ್ಕುವುದು ಕುಂಟುವ ಸಂಪರ್ಕ. ಕೂದಲೆಳೆಯಂಥ ಗಾಜಿನ ಎಳೆಯಲ್ಲಿ ಬೆಳಕನ್ನು ಹರಿಸಿ ಸುದ್ದಿಯನ್ನು ಬಹುದೂರ ಸಾಗಿಸಬಹುದೆಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿಯೇ, ಅದೂ ಇಂಗ್ಲೆಂಡಿನಲ್ಲಿಯೇ, ಪ್ರತಿಪಾದಿಸಿದ್ದರು. ಆದರೆ ಎಳೆಗಿಂತ ಅದನ್ನು ಹೂಳುವ ಕೆಲಸ ದುಬಾರಿ. ಪಟ್ಟಣದಲ್ಲಿ ನೂರು ಗಜ ಅಗೆದರೆ ಹತ್ತಾರು ಮನೆಗಳು ಸಿಗುತ್ತವೆ. ಬೆಟ್ಟದ ತಪ್ಪಲಿನಲ್ಲಿ ಒಂದೇ ಮನೆಗಾಗಿ ಒಂದು ಮೈಲಿ ಅಗೆಯಬೇಕಾದೀತು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅಂಥ ಮನೆ ನಷ್ಟದ ಬಾಬತ್ತು.

ಲ್ಯಾಂಕಾಷೈರ್ ಸೀಮೆಯ ಲೂನ್ ಕಣಿವೆಯ ಜನ ಈ ಲೆಕ್ಕವನ್ನು ಒಪ್ಪಲಿಲ್ಲ. 2011ರಲ್ಲಿ ಅವರು ತಮ್ಮದೇ ಒಂದು ಸಂಘವನ್ನು ನೋಂದಾಯಿಸಿದರು. ಅದರ ಹೆಸರು ‘ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್’; ಚಿಕ್ಕದಾಗಿ ‘ಬಾರ್ನ್’, ಅಂದರೆ ರೈತನ ಕಣಜ. ಜಾಲತಂತ್ರ ಬಲ್ಲ ಬ್ಯಾರಿ ಫೋರ್ಡ್, ಒಕ್ಕಲು ಮನೆತನದ ಕ್ರಿಸ್ ಕಾಂಡರ್ ಅದರ ಮುಂಚೂಣಿಯಲ್ಲಿದ್ದರು. ರೈತರು ತಮ್ಮ ಹೊಲಗಳಲ್ಲಿ ಬಾಡಿಗೆ ಕೇಳದೆ ದಾರಿ ಬಿಟ್ಟರು. ರಸ್ತೆಯನ್ನು ಒಡೆದು ಮುಚ್ಚುವ ಖರ್ಚು ಬಹುಮಟ್ಟಿಗೆ ಉಳಿಯಿತು. ಊರಿನವರೇ ಗುದ್ದಲಿ ಹಿಡಿದರು. ಅಗೆದ ಮೀಟರಿಗೆ ಇಷ್ಟೆಂದು ಲೆಕ್ಕ ಹಾಕಿ, ಆ ಕೂಲಿಯನ್ನು ಷೇರುಗಳಾಗಿಯೂ ಪಡೆಯಲು ಅವಕಾಶವಿತ್ತು. ಊರ ಕೆರೆಯ ಹೂಳನ್ನು ಊರವರೇ ಕೂಡಿ ಎತ್ತುವ ಪದ್ಧತಿಯನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದ ನಡವಳಿಕೆಯಲ್ಲ. ಮೊದಲ ವರ್ಷಗಳಲ್ಲಿ ತಿಂಗಳಿಗೆ 30 ಪೌಂಡಿಗೆ, ಸೆಕೆಂಡಿಗೆ 1,000 ಮೆಗಾಬಿಟ್ ವೇಗದ ಸಂಪರ್ಕ ಆ ಹೊಲಮನೆಗಳಿಗೆ ದೊರೆಯಿತು. ಆಗ ಅನೇಕ ನಗರವಾಸಿಗಳಿಗೂ ಅದು ಕನಸಾಗಿತ್ತು.

ಹಾಗೆಂದು ಸಣ್ಣವರೆಲ್ಲರ ಕಥೆಯೂ ಇಷ್ಟು ಸುಖಕರವೆಂದು ನಾನು ಹೇಳಲಾರೆ. ಬ್ರಿಟಿಷ್ ಟೆಲಿಕಾಮ್‌ನ ಜಾಲವನ್ನು ನೋಡಿಕೊಳ್ಳುವ ಓಪನ್‌ರೀಚ್ ಸಂಸ್ಥೆ ತನ್ನ ನೆಲದಡಿಯ ಕೊಳವೆಗಳನ್ನೂ ಕಂಬಗಳನ್ನೂ ಪ್ರತಿಸ್ಪರ್ಧಿಗಳಿಗೆ ಬಾಡಿಗೆಗೆ ಬಿಡಬೇಕೆಂದು ನಿಯಂತ್ರಕರಾದ ಆಫ್‌ಕಾಮ್ ವಿಧಿಸಿದರು. ಸಿಟಿಫೈಬರ್, ಹೈಪರಾಪ್ಟಿಕ್ ಮೊದಲಾದ ಸ್ವತಂತ್ರ ಸಂಸ್ಥೆಗಳು ಬಹಳಷ್ಟು ಸಾಲ ತಂದು ನಗರಗಳಲ್ಲಿ ಜಾಲ ಹಾಸಿದವು. ಎಷ್ಟೋ ಕಡೆ ಒಂದೇ ಬೀದಿಗೆ ಎರಡು ಮೂರು ಜಾಲಗಳು ಬಂದವು. 2022ರಿಂದ ಬಡ್ಡಿ ಏರಿದಾಗ ಹಲವು ಸಂಸ್ಥೆಗಳು ಸಂಕಟಕ್ಕೆ ಸಿಕ್ಕವು. ಕೆಲವು ಇನ್ನೊಂದರಲ್ಲಿ ವಿಲೀನಗೊಂಡವು. ಒಬ್ಬೊಬ್ಬರಾಗಿ ಎಲ್ಲರೂ ಹೀಗೆ ಕಣ್ಮರೆಯಾದರೆ, ಗಿರಾಕಿ ಮತ್ತೆ ಒಬ್ಬ ಧಣಿಯ ಬಾಗಿಲಿಗೇ ಬರಬೇಕಾಗುತ್ತದೆ.

ಇವೆರಡನ್ನೂ ಜೊತೆಗಿಟ್ಟು ನೋಡಿದಾಗ ನನಗೆ ತೋರುವುದಿಷ್ಟು. ಕೇವಲ ಲಾಭದ ಆಸೆಯಿಂದ ಬಂದ ಸ್ಪರ್ಧೆ ಜನ ತುಂಬಿದ ಬೀದಿಯಲ್ಲೇ ನೂಕುನುಗ್ಗಲು ಮಾಡುತ್ತದೆ. ಬಳಸುವವರೇ ಒಡೆಯರಾದ ಸಂಘಕ್ಕೆ ಊರಾಚೆಯ ಒಂಟಿಮನೆಯೂ ತನ್ನದೇ ಸದಸ್ಯನ ಮನೆ. ಎಲ್ಲ ಊರುಗಳಲ್ಲೂ ಫೋರ್ಡ್, ಕಾಂಡರ್ ಅವರಂಥವರು ಹುಟ್ಟುವುದಿಲ್ಲ, ಎಲ್ಲ ನೆಲವೂ ಪುಕ್ಕಟೆ ದೊರೆಯುವುದಿಲ್ಲ ಎಂಬುದು ನಿಜ. ಆದರೂ ಯಾವುದೇ ಜಾಲದ ಯೋಗ್ಯತೆಯನ್ನು ಅಳೆಯುವಾಗ, ಅದು ಮೊದಲ ಮನೆಗೆ ಎಷ್ಟು ಬೇಗ ತಲುಪಿತೆಂದು ಕೇಳುವುದರ ಜೊತೆಗೆ, ಕೊನೆಯ ಮನೆಗೆ ತಲುಪಿತೇ ಎಂದೂ ಕೇಳುವುದು ನಾಗರಿಕರಾದ ನಮ್ಮ ಹೊಣೆ.